ಕೆರೆದಷ್ಟೂ ಉರಿ ಹೆಚ್ಚುವುದೇಕೆ?



ಚರ್ಮರೋಗ ವಿಭಾಗದ ಮುಂದೆ ಸರದಿಯಲ್ಲಿ ಕುಳಿತವರಲ್ಲಿ ಕೈ ಸುಮ್ಮನಿರದವರೇ ಹೆಚ್ಚು. ಕೆರೆಯಬೇಡಿ ಎಂದು ವೈದ್ಯರು ಹೇಳುತ್ತಾರೆ. ಮನೆ ಸೇರುವಷ್ಟರಲ್ಲಿ ಅದು ಮರೆತಿರುತ್ತದೆ. ಕಾರಣ ತಿಳಿದಿದ್ದರೆ ನೆನಪು ಉಳಿದೀತು.

ನಮ್ಮ ಜೀವಕೋಶಗಳು ತಮ್ಮ ಕೆಲಸಕ್ಕೆ ಬಳಸುವ ಶಕ್ತಿ ಎ.ಟಿ.ಪಿ. ಎಂಬ ವಸ್ತುವಿನಲ್ಲಿರುತ್ತದೆ. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಇದನ್ನು ಕಂಡುಹಿಡಿದರು. ಇದು ಕೋಶದ ಹೊರಗಿಗಿಂತ ಒಳಗೆ ಸಾವಿರಾರು ಪಟ್ಟು ಹೆಚ್ಚಿರುತ್ತದೆ. ಉಗುರು ಪರಚಿಯೋ, ಬಿಸಿ ತಗುಲಿಯೋ ಚರ್ಮದ ಕೋಶ ಒಡೆದರೆ ಎ.ಟಿ.ಪಿ. ಹೊರಗೆ ಚೆಲ್ಲುತ್ತದೆ. ಒಳಗೆ ಶಕ್ತಿಯಾಗಿದ್ದದ್ದು ಹೊರಬಿದ್ದೊಡನೆ 'ಇಲ್ಲಿ ಪೆಟ್ಟಾಗಿದೆ' ಎಂಬ ಕೂಗಾಗುತ್ತದೆ. ನರದ ತುದಿಗಳೂ ರಕ್ಷಣಾ ಕೋಶಗಳೂ ಅದನ್ನು ಕೇಳಿಸಿಕೊಳ್ಳುತ್ತವೆ; ನೋವು, ಕೆಂಪು, ಊತ ಕಾಣಿಸುತ್ತವೆ. ಎ.ಟಿ.ಪಿ. ನರಗಳ ಸಂದೇಶವನ್ನೂ ಒಯ್ಯುತ್ತದೆ ಎಂದು ಜೆಫ್ರಿ ಬರ್ನ್‌ಸ್ಟಾಕ್ 1972ರಲ್ಲಿ ಹೇಳಿದಾಗ ಬಹಳ ವಿಜ್ಞಾನಿಗಳು ನಂಬಿರಲಿಲ್ಲ.

ಆ ಕೂಗು ನಿಲ್ಲುವುದು ಹೇಗೆ? ಮಠದ ದಾಸೋಹವನ್ನು ನೆನೆಯಿರಿ. ಬಡಿಸುವವರಷ್ಟೇ ಎಲೆ ಎತ್ತುವವರೂ ಮುಖ್ಯ. ಚರ್ಮದಲ್ಲಿ ಎಲೆ ಎತ್ತುವ ಕಾಯಕ ಕಿಣ್ವಗಳದ್ದು. ಇವು ಕೋಶದ ಹೊರಮೈಯಲ್ಲೇ ಇರುತ್ತವೆ. ಸಿ.ಡಿ.39 ಎಂಬ ಕಿಣ್ವ ಎ.ಟಿ.ಪಿ.ಯನ್ನು ಕತ್ತರಿಸಿ ಎ.ಎಂ.ಪಿ. ಮಾಡುತ್ತದೆ, ಸಿ.ಡಿ.73 ಅದನ್ನು ಅಡಿನೋಸಿನ್ ಮಾಡುತ್ತದೆ. ಅಡಿನೋಸಿನ್ ಉರಿಯೂತವನ್ನು ತಣಿಸುವಂಥದು. ಕೂಗಿದ ವಸ್ತುವಿನಿಂದಲೇ ಸಮಾಧಾನವೂ ಹುಟ್ಟುತ್ತದೆ!

ಸಿ.ಡಿ.39 ಇಲ್ಲದ ಇಲಿಗಳ ಮೇಲಿನ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಚರ್ಮಕ್ಕೆ ಉರಿಹತ್ತಿಸುವ ರಾಸಾಯನಿಕ ಸವರಿದಾಗ ಆ ಇಲಿಗಳಿಗೆ ಊತ ವಿಪರೀತವಾಯಿತು. ಆದರೆ ಅಲರ್ಜಿ ಮಾತ್ರ ಕಡಿಮೆಯಾಯಿತು! ಎಡೆಬಿಡದ ಕೂಗಿಗೆ ರಕ್ಷಣಾ ಕೋಶಗಳು ಕಿವುಡಾಗಿದ್ದವು. ಎಲೆ ಎತ್ತದಿದ್ದರೆ ಮುಂದಿನ ಪಂಕ್ತಿ ಕೂರುವಂತಿಲ್ಲ, ನೋಡಿ. ಹಾಗಾಗಿ ಈ ಕಿಣ್ವವನ್ನು ಬರೀ ಒಳ್ಳೆಯದು ಎಂದೋ ಕೆಟ್ಟದ್ದು ಎಂದೋ ಹೇಳಲಾಗದು.

ನಮ್ಮ ಯಲಹಂಕ, ಹೆಬ್ಬಾಳದ ಕಡೆ ಅಲರ್ಜಿ ಎಂದರೆ ಮೊದಲು ನೆನಪಾಗುವುದು ಕಾಂಗ್ರೆಸ್ ಗಿಡ. ಇದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಮಳೆ ಬಿದ್ದರೆ ಖಾಲಿ ಸೈಟುಗಳಲ್ಲಿ ಗಿಡ ಮತ್ತೆ ಹಾಜರು. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಹಾರಿ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ. ಅಲರ್ಜಿ ಶುರು ಮಾಡುವುದು ಗಿಡ. ಕೆರೆದು ಕೋಶ ಒಡೆಯುವುದು ನಾವು. ಕಿಣ್ವಗಳು ಎತ್ತುವುದಕ್ಕಿಂತ ವೇಗವಾಗಿ ಚೆಲ್ಲುತ್ತ ಹೋದರೆ ಉರಿ ಆರುವುದೆಂತು?

ಹೊರಗಿನಿಂದ ಬಂದೊಡನೆ ತಣ್ಣೀರಿನಲ್ಲಿ ಮುಖ, ಕೈ, ಕುತ್ತಿಗೆ ತೊಳೆಯಿರಿ, ಬಿಸಿನೀರು ಬೇಡ. ಉಗುರು ಕತ್ತರಿಸಿಕೊಳ್ಳಿ. ತಡೆಯಲಾಗದಿದ್ದರೆ ಒದ್ದೆ ಬಟ್ಟೆ ಒತ್ತಿಹಿಡಿಯಿರಿ. ಅಲರ್ಜಿ ಇರುವವರು ಆ ಗಿಡ ಕೀಳುವ ಕೆಲಸಕ್ಕೆ ಹೋಗಲೇಬಾರದು. ಹಣೆ ಬಿರಿದಿದ್ದರೆ ಮಾಯುವವರೆಗೆ ವಿಭೂತಿಯನ್ನು ಬಿರುಕಿನ ಮೇಲೆ ಧರಿಸಬೇಡಿ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ಟ್ಯೂಬು ತಂದು ಹಚ್ಚುವುದೂ ಬೇಡ. ಅನೇಕವುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ಜೊತೆಗೆ ಬಂದವರು ಇದನ್ನು ಗಮನವಿಟ್ಟು ಓದಬೇಕು. ಸೋರಿಯಾಸಿಸ್‌ಗೂ ಕೆಲವು ಹಳೆಯ ಅಲರ್ಜಿಗಳಿಗೂ ವೈದ್ಯರು ಮೆಥೊಟ್ರೆಕ್ಸೇಟ್ ಮಾತ್ರೆ ಬರೆಯುವುದುಂಟು. ಅಡಿನೋಸಿನ್ ಹೆಚ್ಚಿಸುವುದು ಅದು ಕೆಲಸ ಮಾಡುವ ದಾರಿಗಳಲ್ಲೊಂದು. ಈ ಕಾಯಿಲೆಗಳಿಗೆ ಅದನ್ನು ಕೊಡುವುದು ವಾರಕ್ಕೊಂದು ದಿನ ಮಾತ್ರ. ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ವೈದ್ಯರು ಹೇಳಿದ ವಾರವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮಾತ್ರೆಯನ್ನು ಒಬ್ಬರೇ ಎತ್ತಿಕೊಡಿ. ಬಾಯಿಹುಣ್ಣು, ಜ್ವರ, ಉಸಿರಾಟದ ತೊಂದರೆ ಕಂಡರೆ ಮುಂದಿನ ಮಾತ್ರೆ ಕೊಡದೆ ಅಂದೇ ಆಸ್ಪತ್ರೆಗೆ ಕರೆತನ್ನಿ.