ಕಚ್ಚಿದ್ದು ನಾಯಿ, ದಾಟಿದ್ದು ಯಾರು?

ಪುಟ್ಟಿ, ನಿನ್ನ ಇಂಗ್ಲಿಷ್ ಚೆನ್ನಾಗಿಯೇ ಇದೆ. ವೆನ್, ವೈಲ್, ಅಂಟಿಲ್, ಸಿನ್ಸ್ ಬಂದ ಕಡೆ ಮಾತ್ರ ವಾಕ್ಯ ಎಡವುತ್ತದೆ. ಆಫೀಸಿನ ಮೇಲ್ ಬರೆಯುವವಳು ನೀನು, ಅದಕ್ಕೇ ಹೇಳುತ್ತಿದ್ದೇನೆ.

'ರಸ್ತೆ ದಾಟುವಾಗ ನಾಯಿ ಕಚ್ಚಿತು' ಎಂದರೆ ನಮ್ಮಲ್ಲಿ ಯಾರಿಗೂ ಗೊಂದಲವಿಲ್ಲ. ಅದನ್ನೇ 'ವೈಲ್ ಕ್ರಾಸಿಂಗ್ ದ ರೋಡ್, ಎ ಡಾಗ್ ಬಿಟ್ ಮಿ' ಎಂದು ಬರೆದರೆ, ಇಂಗ್ಲಿಷ್ ವ್ಯಾಕರಣದ ಪ್ರಕಾರ ರಸ್ತೆ ದಾಟಿದ್ದೂ ನಾಯಿಯೇ! 'ವೈಲ್ ಐ ವಾಸ್ ಕ್ರಾಸಿಂಗ್ ದ ರೋಡ್' ಎಂದು ಉಪವಾಕ್ಯಕ್ಕೂ ಅದರದೇ ಕರ್ತೃ ಕೊಡು. ಎರಡೂ ಕೆಲಸ ಮಾಡಿದವರು ಒಬ್ಬರೇ ಆಗಿದ್ದರೆ ಮಾತ್ರ ಬಿಡಬಹುದು: 'ಆಫ್ಟರ್ ಫಿನಿಶಿಂಗ್ ದ ರಿಪೋರ್ಟ್, ಐ ವೆಂಟ್ ಹೋಮ್.'

ಇನ್ನು ವಿಲ್ ವಿಷಯ. 'ವೆನ್ ದ ಮ್ಯಾನೇಜರ್ ವಿಲ್ ಕಮ್, ಐ ವಿಲ್ ಆಸ್ಕ್' ಅನ್ನಬೇಡ. 'ವೆನ್ ದ ಮ್ಯಾನೇಜರ್ ಕಮ್ಸ್' ಅನ್ನು. ನಾಳೆಯ ಮಾತಾದರೂ ನಾವು 'ಬಂದಾಗ ಕೇಳ್ತೀನಿ' ಅಂತಲೇ ಅಲ್ಲವೇ ಹೇಳುವುದು? ಬಿಫೋರ್, ಆಫ್ಟರ್, ಆಸ್ ಸೂನ್ ಆಸ್ ಇವುಗಳಿಗೂ ಇದೇ ನಿಯಮ. ಆದರೆ 'ಯಾವಾಗ ಬರ್ತಾರೋ ಗೊತ್ತಿಲ್ಲ' ಎನ್ನುವ ಕಡೆ ವಿಲ್ ಇರಲಿ: 'ಐ ಡೋಂಟ್ ನೋ ವೆನ್ ಹಿ ವಿಲ್ ಕಮ್.' ಮನಸ್ಸಿನಲ್ಲಿ 'ಬಂದಾಗ' ಬಂದರೆ ವಿಲ್ ಬೇಡ, 'ಯಾವಾಗ' ಬಂದರೆ ಬೇಕು.

ಅಂಟಿಲ್ ಜೊತೆ ನಾಟ್ ತುರುಕುವವರು ಬಹಳ ಜನ: 'ವೇಟ್ ಅಂಟಿಲ್ ಹಿ ಡಸ್ ನಾಟ್ ಕಮ್.' 'ಅವನು ಬರೋ ತನಕ ಕಾಯಿ' ಎನ್ನುವುದರಲ್ಲಿ 'ಇಲ್ಲ' ಎಲ್ಲಿದೆ? 'ಅಂಟಿಲ್ ಹಿ ಕಮ್ಸ್' ಅಷ್ಟೇ ಸಾಕು.

ಸಿನ್ಸ್ ಬಗ್ಗೆಯೂ ಎಚ್ಚರ. 'ಸಿನ್ಸ್ ಯು ಲೆಫ್ಟ್, ದ ವರ್ಕ್ ಹ್ಯಾಸ್ ಸ್ಟಾಪ್ಡ್' ಎಂದು ಬರೆದರೆ, ನೀವು ಹೋದಾಗಿನಿಂದ ನಿಂತಿದೆಯೋ, ಹೋದದ್ದರಿಂದಲೇ ನಿಂತಿತೋ? ಓದಿದವರು ತಮ್ಮನ್ನು ದೂರಿದರು ಅಂದುಕೊಂಡಾರು. ಕಾರಣ ಹೇಳುವುದಿದ್ದರೆ ಬಿಕಾಸ್ ಬಳಸು.

ಕಾಮಾದ ಲೆಕ್ಕ ಸುಲಭ. ಕಾಲದ ಉಪವಾಕ್ಯ ಮೊದಲು ಬಂದರೆ ಅದರ ಕೊನೆಗೆ ಕಾಮಾ ಹಾಕು. ಆಮೇಲೆ ಬಂದರೆ ಸಾಮಾನ್ಯವಾಗಿ ಬೇಕಿಲ್ಲ.

ಮೇಲ್ ಕಳಿಸುವ ಮುಂಚೆ ಒಂದು ಸಲ ಬಾಯಿಬಿಟ್ಟು ಓದಿಕೋ. ಯಾರು ಮಾಡಿದರು, ಯಾವುದು ಮೊದಲು ಆಯಿತು ಎನ್ನುವುದು ವಾಕ್ಯದಲ್ಲೇ ಸಿಗಬೇಕು. ಸಿಗದಿದ್ದರೆ ಅದನ್ನು ಮುರಿದು ಎರಡು ವಾಕ್ಯ ಮಾಡು. ಉದ್ದ ವಾಕ್ಯ ಬರೆದೆ ಅಂತ ಯಾರೂ ಬಹುಮಾನ ಕೊಡುವುದಿಲ್ಲ ಕಣಮ್ಮಾ, ಅರ್ಥವಾದರೆ ಕೆಲಸವಾಗುತ್ತದೆ.