ಐದು ಗುಂಟೆಯ ಪಾಠ

ಊರಲ್ಲಿ ಯಾರಾದರೂ ಹೊಸ ಪದ್ಧತಿಗೆ ಕೈ ಹಾಕಿದರೆ ಅರಳಿಕಟ್ಟೆಯಲ್ಲಿ ಮೊದಲು ಕೇಳುವುದು ನಗು. ಆ ನಗುವಿಗೆ ಅಂಜಿಯೇ ಎಷ್ಟೋ ರೈತರು ಹಿಂದೆ ಸರಿಯುತ್ತಾರೆ. ಈ ಮುಂಗಾರಿಗೆ ನೀವು ಬೇರೆ ದಾರಿ ಹಿಡಿಯಿರಿ.

ರಾಗಿಯನ್ನೇ ನೋಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂಎಲ್-365 ತಳಿ ಬೆಂಕಿ ರೋಗವನ್ನು ತಾಳಿಕೊಳ್ಳುತ್ತದೆ. ಹಾಗೆಂದು ಇಡೀ ಹೊಲಕ್ಕೆ ಬಿತ್ತಬೇಡಿ. ನಾಲ್ಕೈದು ಮನೆಯವರು ಸೇರಿ, ದಾರಿಬದಿಯ ಹೊಲವೊಂದರ 5 ಗುಂಟೆಗೆ ಹೊಸ ತಳಿ, ಪಕ್ಕದ 5 ಗುಂಟೆಗೆ ಹಳೆಯದನ್ನು ಹಾಕಿ. ಗೊಬ್ಬರ, ಬಿತ್ತನೆಯ ದಿನ ಎರಡಕ್ಕೂ ಒಂದೇ ಇರಲಿ. ತೆನೆ ಬಂದಾಗ, ಕೊಯ್ಲಿನ ದಿನ ಊರವರನ್ನು ಕರೆದು ತೋರಿಸಿ. ಹೆಣ್ಣುಮಕ್ಕಳನ್ನು ಮರೆಯಬೇಡಿ: ಕಳೆ ಎಷ್ಟು, ಹುಲ್ಲನ್ನು ದನ ತಿನ್ನುತ್ತದೆಯೇ, ಮುದ್ದೆ ಹೇಗೆ ಬರುತ್ತದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಖರ್ಚೂ ನಷ್ಟವೂ ಹಂಚಿಹೋದರೆ ಯಾರ ಬೆನ್ನೂ ಬಾಗದು.

ಯಂತ್ರದ ವಿಷಯದಲ್ಲೂ ಅಷ್ಟೇ. ಸಾಲ ಮಾಡಿ ಕೊಳ್ಳುವ ಮೊದಲು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತಂದು, ಅಕ್ಕಪಕ್ಕದ ಹೊಲಗಳಿಗೆಲ್ಲ ಒಟ್ಟಿಗೆ ಬಳಸಿ ನೋಡಿ.

ಪಕ್ಕದ ಹೊಲದವರು ಏನಾದರೂ ಹೊಸದು ಮಾಡಿದರೆ ನಗಬೇಡಿ. ಬದುವಿನ ಮೇಲೆ ನಿಂತು, "ಹೆಂಗೈತಣ್ಣ ಬೆಳೆ?" ಎಂದು ಕೇಳಿ. ಆ ಒಂದು ಮಾತು ಅವರಿಗೆ ಹತ್ತು ಭಾಷಣಗಳಿಗಿಂತ ಹೆಚ್ಚು ಧೈರ್ಯ ಕೊಡುತ್ತದೆ.