ಧೂಮಪಾನವೂ ಸಮಾಜದ ಜಮಾಖರ್ಚೂ

ಒಂದು ವಸ್ತುವಿನ ಬೆಲೆ ಬೇರೆ, ಅದರ ವೆಚ್ಚ ಬೇರೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಬೆಲೆಯನ್ನು ಕೊಳ್ಳುವವನೇ ತೆರುತ್ತಾನೆ. ವೆಚ್ಚದ ಒಂದು ಪಾಲನ್ನು ಕೊಳ್ಳದವರೂ ತೆರಬೇಕಾಗುತ್ತದೆ. ಇದಕ್ಕೆ ಸಾಮಾಜಿಕ ವೆಚ್ಚವೆಂದು ಹೆಸರು. ಬೀಡಿ, ಸಿಗರೇಟುಗಳು ಇದಕ್ಕೆ ತಕ್ಕ ನಿದರ್ಶನವೆಂದು ನಾನು ಭಾವಿಸುತ್ತೇನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೇಷ್ಮೆ ಬೆಳೆಗಾರರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ರೇಷ್ಮೆಹುಳುವಿಗೆ ವಿಷ. ಆದಕಾರಣವೇ ಹೊಗೆಸೊಪ್ಪಿನ ಹೊಲದ ಪಕ್ಕದಲ್ಲಿ ಹಿಪ್ಪುನೇರಳೆ ಹಾಕಬಾರದು, ಹುಳುಮನೆಯಲ್ಲಿ ಬೀಡಿ ಸೇದಬಾರದು ಎಂಬ ನಿಯಮವಿದೆ. ಸೇದುವವನು ಒಬ್ಬ, ಗೂಡು ಕಟ್ಟದೆ ಹುಳು ಸತ್ತರೆ ನಷ್ಟ ಮನೆಮಂದಿಗೆಲ್ಲ. ಹುಳುವಿನ ವಿಷಯದಲ್ಲಿ ಇಷ್ಟು ಜಾಗರೂಕರಾದ ನಾವು, ಜಗುಲಿಯಲ್ಲಿ ಆಡುವ ಮಗುವಿನ ಎದುರಿಗೆ ಬೀಡಿ ಹಚ್ಚಲು ಮಾತ್ರ ಹಿಂಜರಿಯುವುದಿಲ್ಲ!

ಇನ್ನು ದೇಶದ ಲೆಕ್ಕವನ್ನು ನೋಡೋಣ. ೨೦೧೭-೧೮ರಲ್ಲಿ ತಂಬಾಕಿನಿಂದುಂಟಾದ ರೋಗ, ಮರಣಗಳಿಂದ ಭಾರತಕ್ಕೆ ೧,೭೭,೩೪೧ ಕೋಟಿ ರೂಪಾಯಿ ನಷ್ಟವಾಯಿತೆಂದು ತಜ್ಞರು ಅಂದಾಜು ಮಾಡಿದ್ದಾರೆ. ಇದು ೩೫ ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಲೆಕ್ಕ ಮಾತ್ರ. ದೇಶದ ಒಟ್ಟು ಉತ್ಪನ್ನದ ಶೇಕಡ ಒಂದನ್ನು ಮೀರುವ ಈ ಮೊತ್ತದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಧೂಮಪಾನದ್ದು. ಉಳಿದದ್ದು ಹೊಗೆಯಿಲ್ಲದ ತಂಬಾಕಿನದು. ನೂರು ರೂಪಾಯಿ ನಷ್ಟದಲ್ಲಿ ೨೨ ರೂಪಾಯಿ ಚಿಕಿತ್ಸೆಯ ನೇರ ವೆಚ್ಚ. ಮಿಕ್ಕ ೭೮ ರೂಪಾಯಿ ಕಾಯಿಲೆಯಿಂದಲೂ ಅಕಾಲ ಮರಣದಿಂದಲೂ ತಪ್ಪಿಹೋದ ದುಡಿಮೆ.

ಈ ೭೮ ರೂಪಾಯಿಯೇ ನಮ್ಮಂಥವರ ಮನೆಗಳನ್ನು ತಟ್ಟುವುದು. ರಾಮನಗರದಲ್ಲಿ ನೂಲು ಬಿಚ್ಚುವ ಕೂಲಿಗಾಗಲಿ, ಚನ್ನಪಟ್ಟಣದಲ್ಲಿ ಮನೆಯಲ್ಲೇ ಬೊಂಬೆ ಕಡೆಯುವವನಿಗಾಗಲಿ ಮಲಗಿದ ದಿನದ ಸಂಬಳವಿಲ್ಲ. ಅಂದು ಒಲೆ ಉರಿಯುವುದು ಸಾಲದಿಂದ. ಸಾಲ ಬೆಳೆದಾಗ ಮೊದಲು ನಿಲ್ಲುವುದು ಮಕ್ಕಳ ಓದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಒಂದು ವರ್ಷದ ಕೂಲಿ ತಪ್ಪಿದ್ದರೆ ಈ ಕಾಲೇಜಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಇರುತ್ತಿರಲಿಲ್ಲ.

ಸರ್ಕಾರಕ್ಕೆ ತೆರಿಗೆ ಬರುವುದಿಲ್ಲವೆ ಎಂದು ಕೇಳುವವರುಂಟು. ಬರುತ್ತದೆ. ಆದರೆ ಅದೇ ಅಂದಾಜಿನ ಪ್ರಕಾರ ಅದರ ಹಿಂದಿನ ವರ್ಷ ತಂಬಾಕಿನಿಂದ ಬಂದ ಅಬಕಾರಿ ಸುಂಕ, ನಷ್ಟದ ಶೇಕಡ ೧೨ರಷ್ಟು ಮಾತ್ರ. ಹನ್ನೆರಡು ರೂಪಾಯಿ ಗಳಿಸಲು ನೂರು ಕಳೆಯುವ ವ್ಯಾಪಾರವನ್ನು ಯಾವ ಅಂಗಡಿಯವನೂ ಮಾಡಲಾರನು. ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರೂ ಬೀಡಿ ಕಟ್ಟುವ ಹೆಂಗಸರೂ ಬದುಕಬೇಡವೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅವರಿಗೆ ಬೇರೆ ಬೆಳೆ, ಬೇರೆ ಕಸುಬು ಒದಗಿಸುವ ಖರ್ಚನ್ನು ಈ ನಷ್ಟದ ಎದುರಿಗಿಟ್ಟು ತೂಗಿ ನೋಡಬೇಕು.

೨೦೦೮ರ ಅಕ್ಟೋಬರ್ ೨ರಿಂದ ದೇಶಾದ್ಯಂತ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾಗಿದೆ. ಆದರೆ ಆ ಕಾನೂನು ನಮ್ಮ ಮನೆಯ ಜಗುಲಿಯವರೆಗೆ ಬರಲಾರದು. ಮಿತ್ರರೇ, ಹುಳುಮನೆಯಲ್ಲಿ ನಡೆಸುವ ನಿಯಮವನ್ನು ವಾಸದ ಮನೆಯಲ್ಲಿಯೂ ನಡೆಸುವಂತೆ ಮನೆಯ ಹಿರಿಯರಿಗೆ ವಿನಯದಿಂದ ಹೇಳುವುದು, ಓದು ಕಲಿತ ನಮ್ಮ ಕರ್ತವ್ಯವಾಗಿದೆ.